ಔಷಧಿ ಹಿಡಿಯುತ್ತಿದೆಯೇ? ಸ್ತನ ಕ್ಯಾನ್ಸರ್ ಚಿಕಿತ್ಸೆಯ ಮೇಲಿನ ಅನುಮಾನಗಳನ್ನು ಬಿಡಿಸಿ ನೋಡಿದಾಗ

ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುವವರು ಬಿ.ಪಿ. ನೋಡಿಸಿಕೊಳ್ಳಬಹುದು. ಸಕ್ಕರೆ ಕಾಯಿಲೆಯವರಿಗೆ ಬೆರಳ ತುದಿಯ ಒಂದು ಹನಿ ರಕ್ತ ಸಾಕು. ಸ್ತನ ಕ್ಯಾನ್ಸರ್‌ಗೆ ಆಪರೇಷನ್, ಕೀಮೋ, ರೇಡಿಯೇಷನ್ ಎಲ್ಲ ಮುಗಿಸಿಕೊಂಡು ದಿನಕ್ಕೊಂದು 20 ಮಿ.ಗ್ರಾಂ. ಟಾಮಾಕ್ಸಿಫೆನ್, ಅಂದರೆ ಕಾಯಿಲೆ ಮರುಕಳಿಸದಿರಲೆಂದು ಕೊಡುವ ಹಾರ್ಮೋನ್ ತಡೆ ಮಾತ್ರೆ, ನುಂಗುವವರಿಗೆ ಅಂಥ ಯಾವ ಅಳತೆಯೂ ಇಲ್ಲ. ಗಡ್ಡೆ ತೆಗೆದಾಗಿದೆ, ಕುಗ್ಗುತ್ತಿದೆಯೋ ಇಲ್ಲವೋ ಎಂದು ನೋಡಲು ಏನೂ ಉಳಿದಿಲ್ಲ. ಮೈ ಇದ್ದಕ್ಕಿದ್ದಂತೆ ಬಿಸಿಯೇರುತ್ತದೆ, ರಾತ್ರಿ ಬೆವರುತ್ತದೆ. ಔಷಧಿಯ ತೊಂದರೆಯೆಲ್ಲ ಅನುಭವಕ್ಕೆ ಬರುತ್ತದೆ, ಲಾಭ ಮಾತ್ರ ಕಾಣಿಸುವುದಿಲ್ಲ. ಇಂಥ ಸ್ಥಿತಿಯಲ್ಲಿ ಅನುಮಾನ ಹುಟ್ಟದಿದ್ದರೇ ಆಶ್ಚರ್ಯ.

ಜಗತ್ತಿನ ಕ್ಯಾನ್ಸರ್ ಲೆಕ್ಕವಿಡುವ ಗ್ಲೋಬೊಕಾನ್‌ನ 2022ರ ಅಂದಾಜಿನಂತೆ ಭಾರತದಲ್ಲಿ ಆ ಒಂದು ವರ್ಷದಲ್ಲಿ ಸುಮಾರು 1.92 ಲಕ್ಷ ಮಹಿಳೆಯರಲ್ಲಿ ಸ್ತನ ಕ್ಯಾನ್ಸರ್ ಪತ್ತೆಯಾಯಿತು, ಸುಮಾರು 98 ಸಾವಿರ ಮಂದಿ ತೀರಿಕೊಂಡರು. ಎರಡನೆಯ ಸಂಖ್ಯೆ ನೋಡಿದವರು ‘ಇಷ್ಟೆಲ್ಲ ಚಿಕಿತ್ಸೆಯಿಂದ ಏನು ಬಂತು’ ಎಂದು ಕೇಳಿದರೆ ತಪ್ಪಲ್ಲ. ಆದರೆ ಆ ಒಂದು ಪ್ರಶ್ನೆಯೊಳಗೆ ಮೂರು ಪ್ರಶ್ನೆಗಳು ಹೆಣೆದುಕೊಂಡಿವೆ. ಇಂಥ ಕಾಯಿಲೆಯವರಿಗೆ ಈ ಔಷಧಿಯಿಂದ ಒಟ್ಟಾರೆ ಉಪಯೋಗವಿದೆಯೇ? ನನ್ನ ಕಾಯಿಲೆ ನಿಜವಾಗಿ ಅಂಥದ್ದೇ ಹೌದೇ? ಔಷಧಿ ನನ್ನ ಮೈಗೆ ಸರಿಯಾದ ಪ್ರಮಾಣದಲ್ಲಿ, ಸರಿಯಾದ ಹೊತ್ತಿಗೆ ಸೇರುತ್ತಿದೆಯೇ? ಮೊದಲನೆಯದಕ್ಕೆ ಸಾವಿರಾರು ಮಹಿಳೆಯರ ಮೇಲೆ ನಡೆದ ಅಧ್ಯಯನಗಳು ಉತ್ತರ ಕೊಟ್ಟಿವೆ. ಜನ ಹೆಚ್ಚಾಗಿ ಅನುಮಾನಪಡುವುದು ಅದರ ಬಗ್ಗೆಯೇ. ಎಡವಟ್ಟುಗಳು ಆಗುವುದು ಮಾತ್ರ ಬಹುತೇಕ ಉಳಿದೆರಡರಲ್ಲಿ.

ನೂರು ಮಂದಿಯ ಲೆಕ್ಕ

ಈಸ್ಟ್ರೋಜನ್ ಹಾರ್ಮೋನನ್ನು ಹಿಡಿದು ಬೆಳೆಯಲು ಬಳಸುವ ಗ್ರಾಹಕಗಳು ಜೀವಕೋಶಗಳಲ್ಲಿರುವ, ಅಂದರೆ ರಿಪೋರ್ಟಿನಲ್ಲಿ ‘ಇಆರ್ ಪಾಸಿಟಿವ್’ ಎಂದು ಬರುವ ಕ್ಯಾನ್ಸರನ್ನೇ ತೆಗೆದುಕೊಳ್ಳೋಣ. ಆಕ್ಸ್‌ಫರ್ಡ್‌ನಿಂದ ನಡೆಯುವ ಇಬಿಸಿಟಿಸಿಜಿ ಎಂಬ ಅಂತರರಾಷ್ಟ್ರೀಯ ತಂಡ ಹಲವು ದೇಶಗಳ ಟ್ರಯಲ್‌ಗಳನ್ನು (ರೋಗಿಗಳನ್ನು ಗುಂಪು ಮಾಡಿ ಚಿಕಿತ್ಸೆಗಳನ್ನು ಹೋಲಿಸುವ ಪ್ರಯೋಗಗಳನ್ನು) ಒಟ್ಟುಮಾಡಿ 2011ರಲ್ಲಿ ಪ್ರಕಟಿಸಿದ ಲೆಕ್ಕ ಹೀಗಿದೆ: ಟಾಮಾಕ್ಸಿಫೆನ್ ತೆಗೆದುಕೊಳ್ಳದ ನೂರು ಮಂದಿಯಲ್ಲಿ 15 ವರ್ಷದೊಳಗೆ ಸುಮಾರು 46 ಮಂದಿಗೆ ಕಾಯಿಲೆ ಮರುಕಳಿಸಿತು. ಐದು ವರ್ಷ ತೆಗೆದುಕೊಂಡ ನೂರರಲ್ಲಿ ಸುಮಾರು 33 ಮಂದಿಗೆ. ಸ್ತನ ಕ್ಯಾನ್ಸರ್‌ನಿಂದಾದ ಸಾವು 33ರಿಂದ 24ಕ್ಕೆ ಇಳಿಯಿತು.

ಈ ನಾಲ್ಕು ಅಂಕಿಗಳನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ನೂರರಲ್ಲಿ 54 ಮಂದಿಗೆ ಮಾತ್ರೆಯಿಲ್ಲದೆಯೂ ಕಾಯಿಲೆ ಮರಳುತ್ತಿರಲಿಲ್ಲ. ಅವರಿಗೆ ಆಪರೇಷನ್ನೂ ಜೊತೆಗಿನ ಉಳಿದ ಚಿಕಿತ್ಸೆಯೂ ಸಾಕಾಗಿತ್ತು. 33 ಮಂದಿಗೆ ಮಾತ್ರೆ ತೆಗೆದುಕೊಂಡರೂ ಮರಳಿತು. ನಡುವಿನ 13 ಮಂದಿಯ ಕಾಯಿಲೆಯನ್ನು ತಡೆದದ್ದು ಮಾತ್ರೆ. ಯಾರು ಯಾವ ಗುಂಪಿನಲ್ಲಿದ್ದಾರೆ ಎಂದು ಹೇಳುವ ಪರೀಕ್ಷೆ ಇಲ್ಲ. ಹದಿನೈದು ವರ್ಷ ಚೆನ್ನಾಗಿರುವ ಹೆಂಗಸು ‘ಮಾತ್ರೆ ಕಾಪಾಡಿತು’ ಎನ್ನಬಹುದು, ಆದರೆ ಆಕೆ 54ರಲ್ಲಿ ಒಬ್ಬಳಾಗಿದ್ದಿರಬಹುದು. ಕಾಯಿಲೆ ಮರಳಿದವಳು ‘ಮಾತ್ರೆ ಮೋಸ’ ಎನ್ನಬಹುದು, ಆದರೆ ಮಾತ್ರೆಯಿಲ್ಲದಿದ್ದರೆ ಅದು ಮೂರು ವರ್ಷ ಮೊದಲೇ ಬರುತ್ತಿತ್ತೋ ಏನೋ. ಒಬ್ಬರ ಅನುಭವದಿಂದ ಎರಡನ್ನೂ ಸಾಧಿಸಲಾಗದು.

ಇದೇ ಲೆಕ್ಕ ಎಲೆರಸ, ಲಕ್ಷ್ಮಣಫಲ, ಗೋಧಿಹುಲ್ಲಿನ ಜ್ಯೂಸ್‌ಗಳ ಕಥೆಯನ್ನೂ ಬಿಡಿಸಿಡುತ್ತದೆ. ಆಪರೇಷನ್ ಮಾಡಿಸಿಕೊಂಡು, ಕೀಮೋ ಬೇಡವೆಂದು ಮನೆಗೆ ಬಂದು, ಕಷಾಯ ಕುಡಿದು ಹತ್ತು ವರ್ಷ ಆರಾಮಾಗಿರುವವರು ಪ್ರತಿ ತಾಲ್ಲೂಕಿನಲ್ಲೂ ಸಿಗುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಗುಣಪಡಿಸಿದ ಕತ್ತರಿಗೆ ಸಿಗಬೇಕಾದ ಹೆಸರು ಕಷಾಯಕ್ಕೆ ಹೋಗಿದೆ, ಅಷ್ಟೆ. ಮರುಕಳಿಸಿದವರು ಸಾಕ್ಷಿ ಹೇಳಲು ಯಾರ ಮನೆಗೂ ಬರುವುದಿಲ್ಲ. ಸಾಗರ ತಾಲ್ಲೂಕಿನ ನರಸೀಪುರದಲ್ಲಿ ಮರದ ಚಕ್ಕೆಯ ಔಷಧಿಗೆ ರಾಜ್ಯ ರಾಜ್ಯಗಳಿಂದ ಬಂದವರು ಸಾಲುಗಟ್ಟಿ ನಿಂತದ್ದರ ಹಿಂದೆಯೂ ಇಂಥ ಬಾಯಿಮಾತೇ ಇತ್ತು. ಚಕ್ಕೆ ಕೆಲಸ ಮಾಡಿತೋ ಇಲ್ಲವೋ ಎಂದು ಹೇಳಬೇಕಾದರೆ ಅದನ್ನು ತೆಗೆದುಕೊಂಡವರನ್ನೂ ತೆಗೆದುಕೊಳ್ಳದವರನ್ನೂ ಒಂದೇ ಹಂತದ ಕಾಯಿಲೆಯಲ್ಲಿ ಪಕ್ಕಪಕ್ಕ ಇಟ್ಟು ಎಣಿಸಬೇಕು. ಅಮೆರಿಕದ ಕ್ಯಾನ್ಸರ್ ದಾಖಲೆಗಳಿಂದ 2018ರಲ್ಲಿ ಪ್ರಕಟವಾದ ಒಂದು ಅಧ್ಯಯನ ಹೀಗೆ ಎಣಿಸಿತು: ಆಸ್ಪತ್ರೆಯ ಚಿಕಿತ್ಸೆಯನ್ನು ಪೂರ್ತಿ ಬಿಟ್ಟು ಬದಲಿ ಪದ್ಧತಿಯನ್ನೇ ನಂಬಿದ ಸ್ತನ ಕ್ಯಾನ್ಸರ್ ರೋಗಿಗಳಲ್ಲಿ ಸಾವಿನ ಅಪಾಯ ಐದೂವರೆ ಪಟ್ಟಿಗೂ ಹೆಚ್ಚು.

‘ಮರುಕಳಿಕೆಯನ್ನು ಮೂರನೇ ಒಂದರಷ್ಟು ಕಡಿಮೆ ಮಾಡುತ್ತದೆ’ ಎಂಬ ಮಾತಿನಲ್ಲೂ ಒಂದು ತೊಡಕಿದೆ. ಮರುಕಳಿಸುವ ಸಾಧ್ಯತೆ ನೂರಕ್ಕೆ 45 ಇರುವವರಿಗೆ ಅದು 15 ಮಂದಿಯ ಲಾಭ. 6 ಇರುವವರಿಗೆ ಇಬ್ಬರ ಲಾಭ. ಔಷಧಿಯೂ ಒಂದೇ, ತೊಂದರೆಯೂ ಒಂದೇ, ಸಿಗುವ ಪ್ರತಿಫಲ ಬೇರೆ. ಆದ್ದರಿಂದ ವೈದ್ಯರನ್ನು ಕೇಳಬೇಕಾದ ಪ್ರಶ್ನೆ ‘ಇದರಿಂದ ಎಷ್ಟು ಪರ್ಸೆಂಟ್ ಗುಣ’ ಎಂಬುದಲ್ಲ. ‘ನನ್ನಂಥ ನೂರು ಮಂದಿ ಇದನ್ನು ತೆಗೆದುಕೊಂಡರೆ ಎಷ್ಟು ಮಂದಿ, ತೆಗೆದುಕೊಳ್ಳದಿದ್ದರೆ ಎಷ್ಟು ಮಂದಿ ಹತ್ತು ವರ್ಷ ಕಾಯಿಲೆಯಿಲ್ಲದೆ ಇರುತ್ತಾರೆ’ ಎಂದು ಕೇಳಬೇಕು. ಎರಡು ಅಂಕಿ ಸಿಗುವ ತನಕ ಬಿಡಬಾರದು.

ಐದು ವರ್ಷವೋ ಹತ್ತು ವರ್ಷವೋ ಎಂಬ ಚರ್ಚೆಯೂ ಹೀಗೇ ಇತ್ಯರ್ಥವಾಗಬೇಕು. 2013ರಲ್ಲಿ ಬಂದ ಅಟ್ಲಾಸ್ ಟ್ರಯಲ್‌ನಲ್ಲಿ ಟಾಮಾಕ್ಸಿಫೆನ್ ಹತ್ತು ವರ್ಷ ಮುಂದುವರಿಸಿದವರಲ್ಲಿ ಐದರಿಂದ ಹದಿನಾಲ್ಕನೇ ವರ್ಷದೊಳಗೆ ಮರುಕಳಿಕೆ 21.4%, ಐದಕ್ಕೆ ನಿಲ್ಲಿಸಿದವರಲ್ಲಿ 25.1%. ಸ್ತನ ಕ್ಯಾನ್ಸರ್ ಸಾವು 12.2% ಮತ್ತು 15%. ಅದರ ಎದುರು ಗರ್ಭಕೋಶದ ಒಳಪದರದ ಕ್ಯಾನ್ಸರ್ 1.6%ರಿಂದ 3.1%ಕ್ಕೆ ಏರಿತು. ಕಂಕುಳಿನ ಗಂಟುಗಳಿಗೆ ಹರಡಿದ್ದವರಿಗೆ ಈ ವ್ಯಾಪಾರ ಲಾಭದ್ದು. ಚಿಕ್ಕ ಗಡ್ಡೆಯಾಗಿದ್ದು, ಮುಟ್ಟು ನಿಂತಿದ್ದು, ಗಂಟುಗಳಲ್ಲಿ ಏನೂ ಸಿಗದವರಿಗೆ ಐದೇ ಸಾಕಾಗಬಹುದು. ಟಾಮಾಕ್ಸಿಫೆನ್ ಮೇಲಿರುವಾಗ ಮುಟ್ಟು ನಿಂತವರಿಗೆ ರಕ್ತಸ್ರಾವವಾದರೆ, ಒಂದು ಕಾಲು ಮಾತ್ರ ಊದಿ ನೋಯತೊಡಗಿದರೆ ಮುಂದಿನ ಅಪಾಯಿಂಟ್‌ಮೆಂಟ್‌ಗೆ ಕಾಯಬಾರದು.

ಮೊದಲ ಅನುಮಾನ ರಿಪೋರ್ಟಿನ ಮೇಲಿರಲಿ

ಔಷಧಿ ಸರಿ, ಕಾಯಿಲೆಯನ್ನು ಗುರುತಿಸಿದ್ದೇ ತಪ್ಪು ಎಂಬ ಸಂದರ್ಭ ನಾವಂದುಕೊಂಡದ್ದಕ್ಕಿಂತ ಹೆಚ್ಚು. ಬಯಾಪ್ಸಿ ಅಥವಾ ಆಪರೇಷನ್ನಿನಲ್ಲಿ ತೆಗೆದ ತುಂಡು ಒಂದು ಗಂಟೆಯೊಳಗೆ 10% ನ್ಯೂಟ್ರಲ್ ಬಫರ್ಡ್ ಫಾರ್ಮಲಿನ್‌ಗೆ ಬೀಳಬೇಕು. ಅದರಲ್ಲಿ ಆರು ಗಂಟೆಗಿಂತ ಕಡಿಮೆಯೂ 72 ಗಂಟೆಗಿಂತ ಹೆಚ್ಚೂ ಇರಬಾರದು. ಇಡೀ ಸ್ತನವನ್ನು ತೆಗೆದಿದ್ದರೆ ಅದನ್ನು ಸೀಳಿ ಹಾಕಬೇಕು. ಇಡಿಯಾಗಿ ಡಬ್ಬಿಗೆ ತುರುಕಿದರೆ ಫಾರ್ಮಲಿನ್ ಒಳಗಿನ ಗಡ್ಡೆಗೆ ತಲುಪುವಷ್ಟರಲ್ಲಿ ಗ್ರಾಹಕಗಳು ಹಾಳಾಗಿರುತ್ತವೆ. ಚಿಕ್ಕ ಊರಿನ ನರ್ಸಿಂಗ್ ಹೋಮ್‌ನಲ್ಲಿ ಆಪರೇಷನ್ ಆಗಿ, ತುಂಡು ಸಲೈನ್‌ನಲ್ಲಿ ಬಿದ್ದು, ಮರುದಿನದ ಕೊರಿಯರ್‌ನಲ್ಲಿ ಜಿಲ್ಲಾ ಕೇಂದ್ರದ ಲ್ಯಾಬ್‌ಗೆ ಹೋದರೆ ‘ಇಆರ್ ನೆಗೆಟಿವ್’ ಎಂಬ ಉತ್ತರ ಬರಬಹುದು. ಆ ಒಂದು ಪದದಿಂದ ಐದು ವರ್ಷದ ಅಗ್ಗದ, ಪರಿಣಾಮಕಾರಿ ಮಾತ್ರೆ ಆಕೆಯ ಕೈತಪ್ಪುತ್ತದೆ.

ಇದನ್ನು ಪತ್ತೆಹಚ್ಚಲು ಒಂದು ದಾರಿಯಿದೆ. ಸ್ಲೈಡಿನಲ್ಲಿ ಗಡ್ಡೆಯ ಪಕ್ಕದ ಆರೋಗ್ಯವಂತ ಹಾಲುನಾಳಗಳೂ ಬಣ್ಣ ಹಿಡಿಯಬೇಕು. ಅದಕ್ಕೆ ‘ಇಂಟರ್ನಲ್ ಕಂಟ್ರೋಲ್’ ಎನ್ನುತ್ತಾರೆ. ಅವೂ ಬಣ್ಣ ಹಿಡಿದಿಲ್ಲವೆಂದರೆ ಆ ‘ನೆಗೆಟಿವ್’ ನಂಬುವಂತಿಲ್ಲ. ಮ್ಯೂಸಿನಸ್, ಟ್ಯುಬುಲರ್ ತರಹದ ಅಥವಾ ಗ್ರೇಡ್ 1 ಗಡ್ಡೆಯಲ್ಲಿ ಇಆರ್ ನೆಗೆಟಿವ್ ಬಂದರೂ ಮರುಪರೀಕ್ಷೆ ಕೇಳಬೇಕು, ಏಕೆಂದರೆ ಆ ಜಾತಿಯವು ಸಾಮಾನ್ಯವಾಗಿ ಪಾಸಿಟಿವ್. ಇಆರ್ 1% ಇದ್ದರೂ ಪಾಸಿಟಿವ್ ಲೆಕ್ಕವೇ. 1ರಿಂದ 10%ರವರೆಗೆ ‘ಲೋ ಪಾಸಿಟಿವ್’, ಅಲ್ಲಿ ಹಾರ್ಮೋನ್ ಮಾತ್ರೆಯ ಲಾಭ ಅಷ್ಟು ಖಚಿತವಲ್ಲ. ಬರೀ ‘ಪಾಸಿಟಿವ್’ ಎಂದು ಬರೆದು ಶೇಕಡಾ ಎಷ್ಟೆಂದು ಬರೆಯದ ರಿಪೋರ್ಟು ಅರ್ಧ ರಿಪೋರ್ಟು.

ಕೆಲವು ಗಡ್ಡೆಗಳನ್ನು ವೇಗವಾಗಿ ಬೆಳೆಸುವ ಹರ್2 ಎಂಬ ಪ್ರೋಟೀನ್‌ನ ವಿಚಾರದಲ್ಲಿ ಆಗುವ ತಪ್ಪು ಬೇರೆ ತರಹದ್ದು. 3+ ಎಂದರೆ ಪಾಸಿಟಿವ್, 0 ಮತ್ತು 1+ ಎಂದರೆ ನೆಗೆಟಿವ್. 2+ ಬಂದರೆ ಫಿಶ್ ಎಂಬ ಇನ್ನೊಂದು ಪರೀಕ್ಷೆ ಮಾಡಿಸಲೇಬೇಕು. ಅದಕ್ಕೆ ಬೇರೆ ಖರ್ಚು, ಬೇರೆ ಲ್ಯಾಬು. ಹಾಗಾಗಿ 2+ನಲ್ಲೇ ನಿಂತು ‘ನೆಗೆಟಿವ್’ ಎಂದು ಚಿಕಿತ್ಸೆ ಶುರುವಾಗುವುದುಂಟು. ಈಗ 0 ಮತ್ತು 1+ ನಡುವಿನ ವ್ಯತ್ಯಾಸಕ್ಕೂ ಬೆಲೆ ಬಂದಿದೆ: ಟ್ರಾಸ್ಟುಜುಮಾಬ್ ಡೆರಕ್ಸ್‌ಟೆಕನ್ ಎಂಬ ಔಷಧಿ ಹರಡಿದ ಕ್ಯಾನ್ಸರ್‌ನಲ್ಲಿ ‘ಹರ್2 ಲೋ’ ಎಂದರೆ 1+, ಅಥವಾ ಫಿಶ್ ನೆಗೆಟಿವ್ ಆದ 2+ ಇರುವವರಿಗೂ ಆಯುಷ್ಯ ಹೆಚ್ಚಿಸುತ್ತದೆ ಎಂದು 2022ರಲ್ಲಿ ತೋರಿತು.

ಗಡ್ಡೆಯ ತುಂಡನ್ನು ಹುದುಗಿಸಿಟ್ಟ ಮೇಣದ ಬ್ಲಾಕ್ ಇದ್ದರೆ ಈ ಪರೀಕ್ಷೆಗಳನ್ನೆಲ್ಲ ಮತ್ತೆ ಮಾಡಿಸಬಹುದು. ಆದ್ದರಿಂದ ಲ್ಯಾಬಿನಿಂದ ರಿಪೋರ್ಟಿನ ಹಾಳೆಯ ಜೊತೆಗೆ ಬ್ಲಾಕ್ ನಂಬರನ್ನೂ ಬರೆಸಿಕೊಂಡು ಬರಬೇಕು.

ಔಷಧಿ ಸೋರಿಹೋಗುವ ಕಡೆಗಳು

ಅಮೆರಿಕದಲ್ಲಿ ಹಾರ್ಮೋನ್ ಮಾತ್ರೆ ಶುರುಮಾಡಿದ 8,769 ಮಹಿಳೆಯರ ಔಷಧಿ ಖರೀದಿಯ ದಾಖಲೆ ನೋಡಿದಾಗ ಪೂರ್ತಿ ಅವಧಿಗೆ ತಪ್ಪದೆ ತೆಗೆದುಕೊಂಡವರು 49% ಮಾತ್ರ. ವಿಮೆ ಇದ್ದವರಲ್ಲೇ ಈ ಸ್ಥಿತಿ. ಮಾತ್ರೆ ಬಿಟ್ಟವರೆಲ್ಲ ಮರೆವಿನಿಂದ ಬಿಡುವುದಿಲ್ಲ. ಮುಟ್ಟು ನಿಂತವರಿಗೆ ಕೊಡುವ ಹಾರ್ಮೋನ್ ಮಾತ್ರೆಗಳಾದ ಲೆಟ್ರೋಜೋಲ್ ಅಥವಾ ಅನಾಸ್ಟ್ರೋಜೋಲ್ ತೆಗೆದುಕೊಳ್ಳುವವರ ಬೆರಳು, ಮಣಿಕಟ್ಟು, ಮಂಡಿ ಬೆಳಗ್ಗೆ ಹಿಡಿದುಕೊಂಡು ಮುದ್ದೆ ತಿರುವುವುದೇ ಆಗುವುದಿಲ್ಲ. ಅದನ್ನು ಹೇಳಿದರೆ ‘ಸಹಿಸಿಕೊಳ್ಳಿ’ ಎಂಬ ಉತ್ತರ ಬರುತ್ತದೆ. ಆಕೆ ಬಾಯಲ್ಲಿ ಹೂಂ ಅಂದು ಮನೆಯಲ್ಲಿ ಮಾತ್ರೆ ನಿಲ್ಲಿಸುತ್ತಾಳೆ. ಹೇಳಿ ನಿಲ್ಲಿಸುವುದಕ್ಕಿಂತ ಇದು ಕೆಟ್ಟದ್ದು, ಏಕೆಂದರೆ ಬದಲಿ ದಾರಿಗಳಿವೆ: ನಿತ್ಯದ ವ್ಯಾಯಾಮ, ಒಂದು ಮಾತ್ರೆಯಿಂದ ಅದೇ ಗುಂಪಿನ ಇನ್ನೊಂದಕ್ಕೆ ಬದಲಾವಣೆ, ನೋವು ತಗ್ಗಿಸುವ ಡುಲೋಕ್ಸೆಟಿನ್, ಅದೂ ಆಗದಿದ್ದರೆ ಟಾಮಾಕ್ಸಿಫೆನ್. ಮೊದಲ ಐದು ವರ್ಷದ ನಂತರ ಲೆಟ್ರೋಜೋಲ್ ಮುಂದುವರಿಸುವವರು ವರ್ಷಕ್ಕೆ ಮೂರು ತಿಂಗಳು ಬಿಡುವು ಕೊಟ್ಟರೂ ಫಲಿತಾಂಶ ಕೆಡಲಿಲ್ಲ ಎಂದು ಸೋಲ್ ಟ್ರಯಲ್ ತೋರಿಸಿದೆ. ಮಗು ಬೇಕೆನ್ನುವ ಚಿಕ್ಕ ವಯಸ್ಸಿನವರು ಒಂದೂವರೆಯಿಂದ ಎರಡೂವರೆ ವರ್ಷ ಮಾತ್ರೆ ತೆಗೆದುಕೊಂಡ ಮೇಲೆ ಎರಡು ವರ್ಷದವರೆಗೆ ನಿಲ್ಲಿಸಿದರೂ ಸದ್ಯದ ಮಟ್ಟಿಗೆ ಮರುಕಳಿಕೆ ಹೆಚ್ಚಿಲ್ಲ ಎಂದು 2023ರ ‘ಪಾಸಿಟಿವ್’ ಎಂಬ ಹೆಸರಿನ ಅಧ್ಯಯನ ಹೇಳಿತು.

ಮಾತ್ರೆಯನ್ನು ತಾವಾಗಿಯೇ ಅರ್ಧ, ಕಾಲು ಮಾಡಿಕೊಳ್ಳುವುದೂ ಇದೆ. 5 ಮಿ.ಗ್ರಾಂ. ಟಾಮಾಕ್ಸಿಫೆನ್ ಸಾಕೆಂದು ತೋರಿಸಿದ ಅಧ್ಯಯನ ನಡೆದದ್ದು ನಾಳದಿಂದ ಹೊರಬರದ ಡಿಸಿಐಎಸ್ ತರಹದ ಸ್ಥಿತಿಗಳಲ್ಲಿ. ಹೊರಬಂದ ಕ್ಯಾನ್ಸರ್‌ಗೆ ಅದನ್ನು ಅನ್ವಯಿಸುವಂತಿಲ್ಲ.

ಎಲ್ಲಕ್ಕಿಂತ ದೊಡ್ಡ ಸೋರಿಕೆ ಮುಟ್ಟು ನಿಲ್ಲದವರಲ್ಲಿ. ಲೆಟ್ರೋಜೋಲ್ ಗುಂಪಿನ ಮಾತ್ರೆಗಳು ಕೊಬ್ಬು, ಸ್ನಾಯುಗಳಲ್ಲಿ ತಯಾರಾಗುವ ಈಸ್ಟ್ರೋಜನ್ ತಡೆಯುತ್ತವೆ. ಕೆಲಸ ಮಾಡುತ್ತಿರುವ ಅಂಡಾಶಯವನ್ನು ಅವು ತಡೆಯಲಾರವು. ಬದಲಿಗೆ ಮಿದುಳಿನ ಮೂಲಕ ಅದನ್ನು ಕೆರಳಿಸುತ್ತವೆ. 44 ವರ್ಷದ ಹೆಂಗಸಿಗೆ ಕೀಮೋದಿಂದ ಮುಟ್ಟು ನಿಂತಿತೆಂದು ‘ಮೆನೋಪಾಸ್ ಆಗಿದೆ’ ಎಂದು ಲೆಟ್ರೋಜೋಲ್ ಬರೆದುಕೊಟ್ಟರೆ, ಆರು ತಿಂಗಳಿಗೆ ಅಂಡಾಶಯ ಎಚ್ಚೆತ್ತುಕೊಂಡು ಮಾತ್ರೆ ನೀರಿನಲ್ಲಿ ಹೋಮ ಮಾಡಿದಂತಾಗುತ್ತದೆ. ಇಂಥವರಿಗೆ ಅಂಡಾಶಯವನ್ನು ಸುಮ್ಮನಿರಿಸುವ ಗೋಸೆರೆಲಿನ್ 3.6 ಮಿ.ಗ್ರಾಂ. ಚುಚ್ಚುಮದ್ದು 28 ದಿನಕ್ಕೊಮ್ಮೆ ಬೇಕು, ಇಲ್ಲವೇ ಅಂಡಾಶಯ ತೆಗೆಸಬೇಕು. ಬಸ್ ಸಿಗಲಿಲ್ಲ, ಸ್ಟಾಕ್ ಬರಲಿಲ್ಲ ಎಂದು ಚುಚ್ಚುಮದ್ದು ವಾರಗಟ್ಟಲೆ ತಡವಾದರೆ ಹಾರ್ಮೋನ್ ಮತ್ತೆ ಏರುತ್ತದೆ. ಪರೀಕ್ಷಿಸಲು ರಕ್ತದಲ್ಲಿ ಈಸ್ಟ್ರಡಯಾಲ್ (ಈಸ್ಟ್ರೋಜನ್‌ನ ಮುಖ್ಯ ರೂಪ) ನೋಡುತ್ತಾರೆ, ಆದರೆ ಸಾಮಾನ್ಯ ಲ್ಯಾಬಿನ ವಿಧಾನ ಅಷ್ಟು ಕಡಿಮೆ ಮಟ್ಟವನ್ನು ಸರಿಯಾಗಿ ಅಳೆಯದು. ಎಕ್ಸಿಮೆಸ್ಟೇನ್ ಅಥವಾ ಫುಲ್ವೆಸ್ಟ್ರಾಂಟ್ ಎಂಬ ಹಾರ್ಮೋನ್ ತಡೆ ಔಷಧಿ ನಡೆಯುತ್ತಿದ್ದರಂತೂ ಅದು ಸುಳ್ಳು ಏರಿಕೆ ತೋರಿಸಬಹುದು. ಮಾಸ್ ಸ್ಪೆಕ್ಟ್ರೋಮೆಟ್ರಿ ವಿಧಾನದ ಪರೀಕ್ಷೆಯೇ ಎಂದು ಕೇಳಿ ಕೊಡಬೇಕು.

ಬೇರೆ ಔಷಧಿಗಳೂ ಅಡ್ಡ ಬರುತ್ತವೆ. ಟಾಮಾಕ್ಸಿಫೆನ್ ಯಕೃತ್ತಿನಲ್ಲಿ ಎಂಡಾಕ್ಸಿಫೆನ್ ಆದ ಮೇಲೆಯೇ ಅದರ ಶಕ್ತಿ. ಖಿನ್ನತೆಗೆ ಕೊಡುವ ಪ್ಯಾರಾಕ್ಸೆಟಿನ್, ಫ್ಲುಆಕ್ಸೆಟಿನ್ ಆ ಕೆಲಸ ಮಾಡುವ ಕಿಣ್ವವನ್ನೇ ತಡೆಯುತ್ತವೆ. ವೆನ್ಲಾಫಾಕ್ಸಿನ್ ಕೊಟ್ಟರೆ ಆ ತೊಂದರೆ ಇಲ್ಲ, ಮೈ ಬಿಸಿಯೇರುವುದೂ ತಗ್ಗುತ್ತದೆ. ಸಾರಿಗೆ ಹಾಕುವ ಅರಿಸಿನದ ಬಗ್ಗೆ ಹೆದರಬೇಕಿಲ್ಲ, ಆದರೆ ಸಾಂದ್ರವಾದ ಕರ್ಕುಮಿನ್ ಕ್ಯಾಪ್ಸೂಲ್ ಎಂಡಾಕ್ಸಿಫೆನ್ ಮಟ್ಟ ಇಳಿಸುವುದು ಚಿಕ್ಕದೊಂದು ಅಧ್ಯಯನದಲ್ಲಿ ಕಂಡಿದೆ. ಮೈ ಬಿಸಿಯೇರದಿದ್ದರೆ ಔಷಧಿ ಹಿಡಿದಿಲ್ಲ, ಕೂದಲು ಉದುರದಿದ್ದರೆ ಕೀಮೋ ಕೆಲಸ ಮಾಡಿಲ್ಲ ಎಂಬ ವಾರ್ಡಿನ ಮಾತುಗಳಿಗೆ ಆಧಾರವಿಲ್ಲ.

ಕೀಮೋ ಬೇಕೇ, ಹಿಡಿಯಿತೇ

ಕೀಮೋದ ಮೇಲಿನ ಅನುಮಾನ ಎಷ್ಟೋ ಸಲ ನ್ಯಾಯವಾದದ್ದೇ ಆಗಿತ್ತು. ಇಆರ್ ಪಾಸಿಟಿವ್, ಹರ್2 ನೆಗೆಟಿವ್, ಕಂಕುಳಿಗೆ ಹರಡದ ಕ್ಯಾನ್ಸರ್‌ಗೂ ಕೀಮೋ ಕೊಡುವ ರೂಢಿ ಎಷ್ಟೋ ವರ್ಷ ಇತ್ತು. 2018ರ ಟೈಲರ್‌ಎಕ್ಸ್ ಟ್ರಯಲ್ ಆಂಕೋಟೈಪ್ ಎಂಬ ಜೀನ್ ಪರೀಕ್ಷೆಯಲ್ಲಿ 11ರಿಂದ 25 ಅಂಕ ಬಂದವರನ್ನು ಎರಡು ಗುಂಪು ಮಾಡಿ ನೋಡಿತು: 50 ದಾಟಿದವರಿಗೆ ಕೀಮೋದಿಂದ ಏನೂ ಹೆಚ್ಚು ಸಿಗಲಿಲ್ಲ, ಐವತ್ತರೊಳಗಿನವರಲ್ಲಿ 16 ಅಥವಾ ಅದಕ್ಕೂ ಮೇಲಿನ ಅಂಕದವರಿಗೆ ಸ್ವಲ್ಪ ಲಾಭವಿತ್ತು. ಆ ಪರೀಕ್ಷೆಯ ಮಾದರಿ ಅಮೆರಿಕಕ್ಕೆ ಹೋಗಬೇಕು, ಬೆಲೆ ಲಕ್ಷಗಳಲ್ಲಿ. ಬೆಂಗಳೂರಿನ ಆಂಕೋಸ್ಟೆಮ್ ಸಂಸ್ಥೆ ಐದು ಪ್ರೋಟೀನ್‌ಗಳನ್ನು ಆಧರಿಸಿ ರೂಪಿಸಿದ ಕ್ಯಾನ್‌ಅಸಿಸ್ಟ್ ಬ್ರೆಸ್ಟ್ ಇದೇ ಕೆಲಸಕ್ಕೆಂದು ಬಂದದ್ದು, ಬೆಲೆಯೂ ಕಡಿಮೆ. ಆದರೆ ಟೈಲರ್‌ಎಕ್ಸ್‌ನಂತೆ ಕೀಮೋ ಕೊಟ್ಟವರನ್ನೂ ಕೊಡದವರನ್ನೂ ಚೀಟಿ ಎತ್ತಿ ಹಂಚಿ ನೋಡಿದ ಬಲ ಅದರ ಹಿಂದಿಲ್ಲ ಎಂಬುದನ್ನು ತಿಳಿದೇ ಬಳಸಬೇಕು.

ಆಪರೇಷನ್ನಿಗೆ ಮೊದಲೇ ಕೀಮೋ ಕೊಟ್ಟಾಗ ಮಾತ್ರ ಔಷಧಿ ಹಿಡಿಯುವುದನ್ನು ಕೈಯಿಂದಲೇ ಮುಟ್ಟಿ ನೋಡಬಹುದು. ಗಡ್ಡೆ ಪೂರ್ತಿ ಕರಗಿದರೆ ಟ್ರಿಪಲ್ ನೆಗೆಟಿವ್ (ಎರಡು ಹಾರ್ಮೋನ್ ಗ್ರಾಹಕಗಳೂ ಹರ್2ವೂ ಇಲ್ಲದ ಕ್ಯಾನ್ಸರ್) ಮತ್ತು ಹರ್2 ಪಾಸಿಟಿವ್‌ನಲ್ಲಿ ಅದು ಬಹಳ ಒಳ್ಳೆಯ ಸೂಚನೆ. ಉಳಿದುಕೊಂಡರೆ ಕಥೆ ಮುಗಿಯಿತೆಂದಲ್ಲ, ಔಷಧಿ ಬದಲಿಸಬೇಕೆಂದು ಅರ್ಥ. ಹರ್2 ಪಾಸಿಟಿವ್‌ನಲ್ಲಿ ಹಾಗೆ ಉಳಿದವರಿಗೆ ಹರ್2ವನ್ನು ತಡೆಯುವ ಟ್ರಾಸ್ಟುಜುಮಾಬ್ ಬದಲು, ಅದಕ್ಕೆ ಕೀಮೋ ಜೋಡಿಸಿದ ಟಿ-ಡಿಎಂ1 ಕೊಟ್ಟಾಗ ಮೂರು ವರ್ಷ ಕಾಯಿಲೆಯಿಲ್ಲದೆ ಇದ್ದವರು 77%ರಿಂದ 88.3%ಕ್ಕೆ ಏರಿದರು, ಟ್ರಿಪಲ್ ನೆಗೆಟಿವ್‌ನಲ್ಲಿ ಕ್ಯಾಪೆಸಿಟಬಿನ್ ಮಾತ್ರೆ ನೆರವಿಗೆ ಬರುತ್ತದೆ. ಹಾರ್ಮೋನ್ ಪಾಸಿಟಿವ್ ಗಡ್ಡೆ ಕೀಮೋಗೆ ಪೂರ್ತಿ ಕರಗುವುದೇ ಅಪರೂಪ. ಅಲ್ಲಿ ಗಡ್ಡೆ ಉಳಿದದ್ದಕ್ಕೆ ಎದೆಗುಂದಬೇಕಿಲ್ಲ. ಅವರ ನಿಜವಾದ ಔಷಧಿ ಇನ್ನೂ ಶುರುವೇ ಆಗಿರುವುದಿಲ್ಲ.

ಗುಣಪಡಿಸಲೆಂದು ಕೊಡುವ ಕೀಮೋದಲ್ಲಿ ಡೋಸ್ ಮತ್ತು ದಿನಾಂಕಕ್ಕೆ ಬೆಲೆಯಿದೆ. ಇಟಲಿಯ ಮಿಲಾನ್‌ನ 20 ವರ್ಷದ ದಾಖಲೆಯಲ್ಲಿ ನಿಗದಿತ ಡೋಸಿನ 85%ಕ್ಕಿಂತ ಹೆಚ್ಚು ಪಡೆದವರೇ ಚೆನ್ನಾಗಿದ್ದದ್ದು. ಬಿಳಿ ರಕ್ತಕಣ ಕಡಿಮೆಯಾಯಿತೆಂದು ಮುಂದೂಡುವುದು ಬೇರೆ, ಗೌರಿಹಬ್ಬ ಮುಗಿಯಲಿ ಎಂದು ಮುಂದೂಡುವುದು ಬೇರೆ. ರೇಡಿಯೇಷನ್ನಿನಲ್ಲಿ ಮಾತ್ರ ‘ಕಡಿಮೆ ದಿನ ಕರೆಂಟ್ ಕೊಟ್ಟರು’ ಎಂಬ ಆತಂಕ ಬೇಡ. 25 ದಿನದ ಬದಲು 15 ದಿನ ಅಷ್ಟೇ ಪರಿಣಾಮಕಾರಿ ಎಂಬುದು ಎಂದೋ ಖಚಿತವಾಗಿದೆ. ಆಯ್ದವರಲ್ಲಿ ಒಂದೇ ವಾರದ ಐದು ದಿನವೂ ಸಾಕೆಂದು ಬ್ರಿಟನ್ನಿನ ಫಾಸ್ಟ್ ಫಾರ್ವರ್ಡ್ ಟ್ರಯಲ್ 2020ರಲ್ಲಿ ತೋರಿಸಿತು. ರಾಯಚೂರಿನಿಂದ ಬಂದು ಬೆಂಗಳೂರಿನಲ್ಲಿ ರೂಮು ಹಿಡಿದು ಕೂರುವವರಿಗೆ ಇದು ಸಣ್ಣ ಮಾತಲ್ಲ.

ಇಲ್ಲೇ ತಯಾರಾದ ಟ್ರಾಸ್ಟುಜುಮಾಬ್ ‘ಡೂಪ್ಲಿಕೇಟ್’ ಎಂಬ ಗುಮಾನಿಯೂ ಅನಗತ್ಯ. ಬೆಂಗಳೂರಿನ ಬಯೋಕಾನ್ ಭಾರತದಲ್ಲಿ 2014ರಲ್ಲಿ ಮಾರುಕಟ್ಟೆಗೆ ತಂದ ಬಯೋಸಿಮಿಲರನ್ನು, ಅಂದರೆ ಮೂಲವನ್ನು ಹೋಲುವಂತೆ ಮಾಡಿದ ಔಷಧಿಯನ್ನು, ಮೂಲ ಔಷಧಿಯ ಪಕ್ಕದಲ್ಲಿಟ್ಟು ನಡೆಸಿದ ಹೆರಿಟೇಜ್ ಟ್ರಯಲ್‌ನಲ್ಲಿ ಗಡ್ಡೆ ಕುಗ್ಗಿದವರು 69.6%, ಮೂಲದಲ್ಲಿ 64%. ಅಮೆರಿಕದ ಎಫ್‌ಡಿಎ 2017ರಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟಿತು. ಒಂದು ವರ್ಷದ ಕೋರ್ಸಿಗೆ ಹಣ ಹೊಂದದವರು ಏನೂ ತೆಗೆದುಕೊಳ್ಳದೆ ಬಿಡುವ ಬದಲು ಆರು ತಿಂಗಳ ಕೋರ್ಸಿನ ಬಗ್ಗೆ ಕೇಳಬೇಕು: ಬ್ರಿಟನ್ನಿನ ಪರ್ಸೆಫೊನೆ ಟ್ರಯಲ್‌ನಲ್ಲಿ ನಾಲ್ಕು ವರ್ಷ ಕಾಯಿಲೆಯಿಲ್ಲದೆ ಇದ್ದವರು 89.4% ಮತ್ತು 89.8%. ಯಾವುದು ಆರು ತಿಂಗಳಿನದು ಎಂದು ಅಂಕಿ ನೋಡಿ ಹೇಳುವುದೇ ಕಷ್ಟ, ಮೊದಲನೆಯದು.

ಟೆಸ್ಟು ಹೆಚ್ಚಿದರೆ ನಿಶ್ಚಿಂತೆಯೇ

ಚಿಕಿತ್ಸೆ ಮುಗಿದವರು ಮೂರು ತಿಂಗಳಿಗೊಮ್ಮೆ ಸಿಎ 15-3 (ಕ್ಯಾನ್ಸರ್‌ನ ಸುಳಿವು ಕೊಡುವ ‘ಮಾರ್ಕರ್’ಗಾಗಿ ಮಾಡುವ ರಕ್ತಪರೀಕ್ಷೆ), ವರ್ಷಕ್ಕೊಂದು ಪೆಟ್ ಸ್ಕ್ಯಾನ್ ಮಾಡಿಸಿಕೊಂಡು ಬರುತ್ತಾರೆ. ಕೆಲವು ಕಡೆ ಪ್ಯಾಕೇಜ್ ಕೂಡ ಇದೆ. ಇಟಲಿಯ ಎರಡು ಟ್ರಯಲ್‌ಗಳು 1994ರಲ್ಲೇ ಇದನ್ನು ಪರೀಕ್ಷಿಸಿದ್ದವು. ತೊಂದರೆಯಿಲ್ಲದವರಿಗೆ ಎಕ್ಸ್‌ರೇ, ಬೋನ್ ಸ್ಕ್ಯಾನ್ ಮೊದಲಾದವನ್ನು ಪದೇ ಪದೇ ಮಾಡಿಸಿದ್ದರಿಂದ ಆಯುಷ್ಯ ಹೆಚ್ಚಲಿಲ್ಲ. ಸಂಶೋಧನೆಯಿಂದ ಬೆಂಬಲ ಪಡೆದದ್ದು ವರ್ಷಕ್ಕೊಂದು ಮ್ಯಾಮೋಗ್ರಾಮ್, ವೈದ್ಯರ ತಪಾಸಣೆ, ಹೊಸದಾಗಿ ಬಂದು ಎರಡು ಮೂರು ವಾರ ಬಿಡದ ಮೂಳೆನೋವು, ಕೆಮ್ಮು, ತಲೆನೋವಿನ ವಿಚಾರಣೆ. ಮಾರ್ಕರ್ ಏರಿಕೆಗೆ ಕ್ಯಾನ್ಸರ್ ಅಲ್ಲದ ಕಾರಣಗಳೂ ಇವೆ: ಯಕೃತ್ತಿನ ಕಾಯಿಲೆ, ಥಲಸ್ಸೀಮಿಯಾ, ಬಿ12 ಕೊರತೆಯ ರಕ್ತಹೀನತೆ. ಸಸ್ಯಾಹಾರಿಗಳು ಹೆಚ್ಚಿರುವ ನಮ್ಮಲ್ಲಿ ಕೊನೆಯದನ್ನು ಮರೆಯಬಾರದು; ಕೆಲವೊಮ್ಮೆ ಪೆಟ್ ಸ್ಕ್ಯಾನ್‌ಗಿಂತ ಮೊದಲು ಬಿ12 ನೋಡುವುದು ಜಾಣತನ.

ಹರಡಿದ ಮೇಲೆ

ನಾಲ್ಕನೇ ಹಂತದಲ್ಲಿ ಅಳತೆಗಳಿವೆ, ಆದರೆ ಅವನ್ನು ಓದುವುದರಲ್ಲೇ ತಪ್ಪಾಗುತ್ತದೆ. ಸ್ಕ್ಯಾನ್‌ನಲ್ಲಿ ಗುರುತಿಟ್ಟ ಗಡ್ಡೆಗಳ ಉದ್ದಗಳನ್ನು ಕೂಡಿಸುತ್ತಾರೆ. ಮೊತ್ತ 30% ಇಳಿದರೆ ‘ಪಾರ್ಶಿಯಲ್ ರೆಸ್ಪಾನ್ಸ್’, ಅತಿ ಕಡಿಮೆಯಿದ್ದ ಮಟ್ಟದಿಂದ 20% ಏರಿದರೆ ಅಥವಾ ಹೊಸ ಗಡ್ಡೆ ಕಂಡರೆ ‘ಪ್ರೋಗ್ರೆಷನ್’, ನಡುವಿನದ್ದು ‘ಸ್ಟೇಬಲ್’. ‘ಸ್ಟೇಬಲ್’ ಎಂದು ಓದಿ ಕಣ್ಣೀರು ಹಾಕುವವರಿದ್ದಾರೆ. ಈ ಹಂತದಲ್ಲಿ ಆರು ತಿಂಗಳು ಸ್ಟೇಬಲ್ ಎಂದರೆ ಔಷಧಿ ಕೆಲಸ ಮಾಡುತ್ತಿದೆ ಎಂದೇ ಲೆಕ್ಕ.

ಹೊಸ ಔಷಧಿಯ ಮೊದಲ ನಾಲ್ಕರಿಂದ ಆರು ವಾರ ಸಾಯುವ ಜೀವಕೋಶಗಳಿಂದಲೇ ಮಾರ್ಕರ್ ಏರಬಹುದು. ವಾಸಿಯಾಗುತ್ತಿರುವ ಮೂಳೆ ಮೊದಲ ಮೂರು ತಿಂಗಳು ಬೋನ್ ಸ್ಕ್ಯಾನ್‌ನಲ್ಲಿ ಹೆಚ್ಚು ಹೊಳೆಯುತ್ತದೆ, ಸಿಟಿಯಲ್ಲಿ ಹೊಸ ಬಿಳಿ ಮಚ್ಚೆಯಂತೆ ಕಾಣುತ್ತದೆ. ಬಿಳಿ ಕಣ ಏರಿಸುವ ಚುಚ್ಚುಮದ್ದಿನ ನಂತರ ಪೆಟ್ ಮಾಡಿದರೆ ಮಜ್ಜೆಯೆಲ್ಲ ಬೆಳಗುತ್ತದೆ. ಲೋಬ್ಯುಲರ್ ಜಾತಿಯ ಕ್ಯಾನ್ಸರ್ ಪೆಟ್‌ನಲ್ಲಿ ಎಷ್ಟೋ ಸಲ ಸರಿಯಾಗಿ ಕಾಣುವುದಿಲ್ಲ. ಸಕ್ಕರೆ 200 ದಾಟಿದ ದಿನ ಮಾಡಿದ ಸ್ಕ್ಯಾನನ್ನು ಇನ್ನೊಂದು ಸೆಂಟರಿನ ಬೇರೆ ಯಂತ್ರದ ಸ್ಕ್ಯಾನಿಗೆ ಹೋಲಿಸಿ ಔಷಧಿ ಬದಲಿಸುವುದು ತಪ್ಪು. ಒಂದೇ ಸೆಂಟರ್, ಒಂದೇ ಯಂತ್ರ, ಹಳೆಯ ಸಿ.ಡಿ. ಕೈಯಲ್ಲಿ, ಇಷ್ಟಿದ್ದರೆ ಅರ್ಧ ಗೊಂದಲ ಕಳೆಯುತ್ತದೆ.

ಔಷಧಿ ನಿಂತುಹೋಗುವುದನ್ನು ಮೊದಲೇ ಕಂಡುಕೊಂಡರೆ ಲಾಭವೇ? ರಕ್ತದಲ್ಲಿ ಓಡಾಡುವ ಕ್ಯಾನ್ಸರ್ ಕಣ ಎಣಿಸಿ ಕೀಮೋವನ್ನು ಬೇಗ ಬದಲಿಸಿ ನೋಡಿದ ಅಮೆರಿಕದ ಟ್ರಯಲ್‌ನಲ್ಲಿ ಆಯುಷ್ಯ ಹೆಚ್ಚಲಿಲ್ಲ (2014). ರಕ್ತದಲ್ಲಿ ಇಎಸ್‌ಆರ್1 ರೂಪಾಂತರ (ಹಾರ್ಮೋನ್ ಮಾತ್ರೆಗೆ ಗಡ್ಡೆ ಬಗ್ಗದಂತೆ ಮಾಡುವ ಜೀನ್ ಬದಲಾವಣೆ) ಕಂಡ ಕೂಡಲೇ ಹಾರ್ಮೋನ್ ಮಾತ್ರೆ ಬದಲಿಸಿದ 2025ರ ಸೆರೆನಾ-6 ಟ್ರಯಲ್‌ನಲ್ಲಿ ಕಾಯಿಲೆ ಬೆಳೆಯದೆ ಇದ್ದ ಅವಧಿ 9.2 ತಿಂಗಳಿಂದ 16ಕ್ಕೆ ಏರಿತು. ಒಟ್ಟು ಬದುಕು ಉದ್ದವಾಯಿತೇ ಎಂಬುದು ಆ ವರದಿಯಿಂದ ತೀರ್ಮಾನವಾಗಲಿಲ್ಲ.

ಈ ಎರಡು ಅವಧಿಗಳ ವ್ಯತ್ಯಾಸ ತಿಳಿಯದೆ ದುಬಾರಿ ಔಷಧಿಗೆ ಹೊಲ ಮಾರಬಾರದು. ಬೆವಾಸಿಜುಮಾಬ್ 2008ರಲ್ಲಿ ಅಮೆರಿಕದಲ್ಲಿ ಸ್ತನ ಕ್ಯಾನ್ಸರ್‌ಗೆ ಒಪ್ಪಿಗೆ ಪಡೆದದ್ದು ಕಾಯಿಲೆ ಬೆಳೆಯದ ಅವಧಿಯನ್ನು 5.9 ತಿಂಗಳಿಂದ 11.8ಕ್ಕೆ ಏರಿಸಿದ್ದಕ್ಕೆ. ಆಯುಷ್ಯ ಮಾತ್ರ ಹೆಚ್ಚಿರಲಿಲ್ಲ. 2011ರಲ್ಲಿ ಒಪ್ಪಿಗೆ ವಾಪಸಾಯಿತು. ಹಾರ್ಮೋನ್ ಮಾತ್ರೆಯ ಜೊತೆ ಕೊಡುವ ಸಿಡಿಕೆ ತಡೆಗಳಲ್ಲಿ (ಜೀವಕೋಶ ಇಬ್ಭಾಗವಾಗಿ ಬೆಳೆಯುವುದನ್ನು ತಡೆಯುವ ಮಾತ್ರೆಗಳಲ್ಲಿ) ರೈಬೊಸಿಕ್ಲಿಬ್ ಆಯುಷ್ಯವನ್ನು 51.4ರಿಂದ 63.9 ತಿಂಗಳಿಗೆ ಏರಿಸಿತು. ಪಾಲ್ಬೊಸಿಕ್ಲಿಬ್ ಕಾಯಿಲೆಯನ್ನು ಹೆಚ್ಚು ಕಾಲ ತಡೆದರೂ ಆಯುಷ್ಯದಲ್ಲಿ ಸ್ಪಷ್ಟ ಲಾಭ ತೋರಿಸಲಿಲ್ಲ. ಆದರೆ 2023ರಲ್ಲಿ ಭಾರತದಲ್ಲಿ ಪೇಟೆಂಟ್ ಮುಗಿದು ಅದರ ಬೆಲೆ ಬಿದ್ದಿದೆ. ಅಗ್ಗದ ಪಾಲ್ಬೊ, ದುಬಾರಿ ರೈಬೊ: ಮನೆಯ ಆದಾಯ ಗೊತ್ತಿಲ್ಲದೆ ಇದಕ್ಕೆ ವೈದ್ಯರೂ ಉತ್ತರ ಹೇಳಲಾರರು. ಇವುಗಳ ಡೋಸನ್ನು ಬಿಳಿ ಕಣ ಇಳಿದಾಗ ತಗ್ಗಿಸುತ್ತಾರೆ. ಹಾಗೆ ತಗ್ಗಿಸಿದವರ ಫಲಿತಾಂಶ ಕೆಟ್ಟದ್ದು ಕಂಡಿಲ್ಲ.

‘ಮೂಲ ಗಡ್ಡೆಯನ್ನೇ ತೆಗೆದುಬಿಡಿ’ ಎಂಬ ಒತ್ತಾಯಕ್ಕೆ ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆ ಉತ್ತರ ಕೊಟ್ಟಿದೆ. ಹರಡಿದ ಕಾಯಿಲೆಯ 350 ಮಹಿಳೆಯರಲ್ಲಿ ಸ್ತನದ ಆಪರೇಷನ್, ರೇಡಿಯೇಷನ್ ಆದವರ ಆಯುಷ್ಯದ ಮಧ್ಯಾಂಕ 19.2 ತಿಂಗಳು, ಆಗದವರದು 20.5. ಗಡ್ಡೆ ಒಡೆದು ರಕ್ತ, ವಾಸನೆ ಬರುವಾಗ ಆಪರೇಷನ್ ಬೇಕಾಗಬಹುದು. ಅದು ಬದುಕನ್ನು ಸಹ್ಯ ಮಾಡಲು.

ಔಷಧಿ ಒಂದು ಸಲ ಸೋತಾಗ ಮುಂದಿನದಕ್ಕೆ ಹಾರುವ ಮೊದಲು ಹರಡಿದ ಜಾಗದಿಂದ ಹೊಸ ಬಯಾಪ್ಸಿ ಸಾಧ್ಯವೇ ಎಂದು ಕೇಳಬೇಕು, ಏಕೆಂದರೆ ಇಆರ್, ಹರ್2 ಮಧ್ಯದಲ್ಲಿ ಬದಲಾಗಿರಬಹುದು. ಎರಡನೇ ಅಭಿಪ್ರಾಯಕ್ಕೆ ಕಿದ್ವಾಯಿಗೋ ಟಾಟಾಕ್ಕೋ ಹೋಗುವವರು ಡಿಸ್ಚಾರ್ಜ್ ಸಮ್ಮರಿಯೊಂದನ್ನೇ ಹಿಡಿದು ಹೋದರೆ ಒಂದು ದಿನ ವ್ಯರ್ಥ. ಮೂಲ ಬಯಾಪ್ಸಿಯ ಬ್ಲಾಕ್ ಮತ್ತು ಸ್ಲೈಡ್, ಆಪರೇಷನ್ ನೋಟ್, ಕೀಮೋದ ಪ್ರತಿ ಸೈಕಲ್‌ನ ದಿನಾಂಕ ಮತ್ತು ಡೋಸ್, ರೇಡಿಯೇಷನ್ ಸಾರಾಂಶ, ಎಲ್ಲ ಸ್ಕ್ಯಾನ್‌ಗಳ ಸಿ.ಡಿ., ಈಗ ತೆಗೆದುಕೊಳ್ಳುತ್ತಿರುವ ಅಷ್ಟೂ ಮಾತ್ರೆಗಳ ಖಾಲಿ ಸ್ಟ್ರಿಪ್‌ಗಳು ಜೊತೆಗಿರಬೇಕು. ಕಷಾಯ, ಪುಡಿ ಏನಾದರೂ ನಡೆದಿದ್ದರೆ ಅದರ ಡಬ್ಬಿಯೂ.